ಅತ್ತಿಗೆ ಹೇಳಿದ ‘ಹತ್ತು’

ನಮ್ಮತ್ತಿಗೆ ಬಟ್ಟೆ ಕತ್ತರಿಸುವವರು, ನಾನು ಹೊಲಿಯುವವಳು. ಮನೆಯ ಮುಂದಿನ ಕೋಣೆಯೇ ನಮ್ಮ ಅಂಗಡಿ. ಬೀದಿಗೆ ತೆರೆದ ಜೋಡಿ ಬಾಗಿಲು, ಹಳೆಯ ಕದದ ಹಲಗೆಯನ್ನು ಮಲಗಿಸಿ ಮಾಡಿದ ಎಂಟಡಿ ಮೇಜು, ಕಿಟಕಿಯ ಬೆಳಕಿಗೆ ಮುಖ ಮಾಡಿದ ಎರಡು ಮಿಷನ್ನು, ಮೂಲೆಯಲ್ಲಿ ಬಟ್ಟೆ ಹಾಕಿ ನೋಡುವವರಿಗೊಂದು ಪರದೆ, ಪರದೆಯ ನೆತ್ತಿಯ ಮೇಲೆ ಸಾಮಾನಿನ ಅಟ್ಟ. ಬೀದಿಯವರು ಅತ್ತಿಗೆಯನ್ನು ‘ಕತ್ತರಿಯಮ್ಮ’ ಅನ್ನುತ್ತಿದ್ದರು. ಅವರು ಹೇಳುತ್ತಿದ್ದುದು ಕೈಯಲ್ಲಿದ್ದ ಕತ್ತರಿಯ ಬಗ್ಗೆಯೋ ಬಾಯಲ್ಲಿದ್ದುದರ ಬಗ್ಗೆಯೋ ಎಂದು ಯಾರೂ ಬಿಡಿಸಿ ಹೇಳುತ್ತಿರಲಿಲ್ಲ.

ಒಮ್ಮೆ ಬ್ಯಾಂಕಿನ ಮ್ಯಾನೇಜರೊಬ್ಬರು ಕೋಟಿನ ಅಳತೆಗೆ ಬಂದು ಉಸಿರು ಬಿಗಿಹಿಡಿದು ನಿಂತಿದ್ದರು. ಅತ್ತಿಗೆ ಟೇಪು ಇಳಿಸಿ, “ಹೊಟ್ಟೆ ಒಳಗೆಳ್ಕೊಂಡು ಅಳತೆ ಕೊಟ್ರೆ ಆಮೇಲೆ ಕೋಟಿಗೇ ಉಸಿರು ಕಟ್ಟುತ್ತೆ. ಹೊರಗೆ ಬಿಡಿ ಸಾರ್, ನಾವು ಬೇರೆ ಕಡೆ ನೋಡ್ತೀವಿ” ಎಂದರು. ಆತ ನಕ್ಕ ರಭಸಕ್ಕೆ ಹೊಟ್ಟೆ ತಾನಾಗಿ ಹೊರಗೆ ಬಂತು. ಕೋಟು ಚೆನ್ನಾಗಿ ಕೂತಿತು.

ನನ್ನ ಮದುವೆ ಎರಡೇ ವರ್ಷಕ್ಕೆ ಮುರಿದು ನಾನು ಒಂದು ಪೆಟ್ಟಿಗೆ ಹಿಡಿದುಕೊಂಡು ಅಣ್ಣನ ಮನೆಗೆ ಬಂದಾಗ ಯಾರಿಗೂ ಏನು ಹೇಳಬೇಕೆಂದು ತೋಚಿರಲಿಲ್ಲ. ಅತ್ತಿಗೆ ಮಾತ್ರ ಮೇಜನ್ನು ಗೋಡೆಯ ಕಡೆ ತಳ್ಳಿ, ಕಿಟಕಿಯ ಹತ್ತಿರ ಎರಡನೆಯ ಮಿಷನ್ನಿಗೆ ಜಾಗ ಮಾಡಿ, “ಅಳೋದಿದ್ರೆ ಹೊಲೀತಾ ಅಳು ಪುಟ್ಟಿ. ದಾರ ತುಂಡಾಗದ ಹಾಗೆ ನೋಡ್ಕೋ ಅಷ್ಟೆ” ಅಂದರು. ನನಗೆ ಈಗ ನಲವತ್ತೊಂದು. ಇಪ್ಪತ್ತು ವರ್ಷ ಅವರ ಪಕ್ಕದಲ್ಲಿ ಕೂತು ಹೊಲಿದಿದ್ದೇನೆ. ಬೈಗುಳ ತಿಂದಿದ್ದೇನೆ, ಬೈಗುಳದ ಹಿಂದೆಯೇ ಬರುತ್ತಿದ್ದ ಬಿಸಿ ಚಹಾ ಕುಡಿದಿದ್ದೇನೆ.

ಆ ದಿನ ನಮ್ಮ ಮೇಜಿನ ಮೇಲೆ ಇದ್ದದ್ದು ಒಂದು ಹೋಟೆಲಿನ ಬಡಿಸುವವರಿಗಾಗಿ ಒಪ್ಪಿಕೊಂಡಿದ್ದ ಇಪ್ಪತ್ತನಾಲ್ಕು ಬಿಳಿ ಕೋಟು. ಕತ್ತಿನ ಸುತ್ತ ನೆಟ್ಟಗೆ ನಿಲ್ಲುವ ಪಟ್ಟಿ ಕಾಲರು. ಹದಿನಾಲ್ಕು ಕೋಟಿನ ಕಾಲರು ಸಿಪಾಯಿಗಳ ಹಾಗೆ ನಿಂತಿದ್ದವು. ಉಳಿದ ಹತ್ತರ ಕಾಲರು ಒಂದು ಕಡೆಗೆ ತಿರುಚಿಕೊಂಡು, ಯಾರೋ ಕಿವಿ ಹಿಂಡಿದ ಹಾಗೆ ಕಾಣುತ್ತಿದ್ದವು. ಅತ್ತಿಗೆ ಒಂದನ್ನು ಎತ್ತಿ ನೋಡಿ ನನ್ನ ಮಡಿಲಿಗೆ ಎಸೆದರು.

“ಬಟ್ಟೆ ಎಳ್ದೆಳ್ದು ಹೊಲ್ದಿದೀಯ. ಹದಿನಾರು ವರ್ಷ ಆಯ್ತು, ನಿನ್ನ ಕೈಗೆ ಇನ್ನೂ ಕಣ್ಣು ಬಂದಿಲ್ಲ. ಎಲ್ಲಾ ಬಿಚ್ಚು. ಅಟ್ಟದ ಮೇಲೆ ಕಾಲರಿನೊಳಗೆ ಹಾಕೋ ಗಟ್ಟಿ ಕ್ಯಾನ್ವಾಸ್ ಇದೆ, ಹತ್ತಿ ತೆಗಿ.”

ಅಟ್ಟ ಹತ್ತುವುದು ಯಾವಾಗಲೂ ನನ್ನ ಕೆಲಸ. ನಾನು ಹಗುರ, ಅತ್ತಿಗೆಗೆ ಮಂಡಿ ನೋವು. ಆದರೆ ನಾನು ಎಳೆದು ಹೊಲಿದಿರಲಿಲ್ಲ. ನನಗೆ ಅದು ಗೊತ್ತಿತ್ತು. ಪರದೆಯ ಹಿಂದೆ ಗಿರಾಕಿಯೊಬ್ಬರು ಬೇರೆ ಇದ್ದರು, ಎಲ್ಲ ಕೇಳಿಸಿಕೊಂಡಿದ್ದರು. ಮೈಯೆಲ್ಲ ಉರಿಯಿತು.

“ಕಣ್ಣಿಲ್ಲದ ಕೈ ನಂದು. ಏನೋ ತೆಗೆಯೋಕೆ ಹೋಗಿ ಇನ್ನೇನೋ ತೆಗೆದ್ರೆ? ನೀವೇ ಹತ್ತಿ” ಎಂದು ಒಳಗೆ ಹೋದೆ.

ಅಡುಗೆಮನೆಯಲ್ಲಿ ನೀರು ಕುಡಿಯುತ್ತ ನಿಂತಿದ್ದಾಗ ಸ್ಟೂಲು ಉರುಳಿದ ಸದ್ದು ಕೇಳಿಸಿತು. ಓಡಿ ಬಂದರೆ ಅತ್ತಿಗೆ ಮೇಜಿನ ಮೂಲೆಯ ಕೆಳಗೆ ಬಿದ್ದಿದ್ದರು. ಎಡ ಕಿವಿಯ ಮೇಲೆ ಕೂದಲು ಒದ್ದೆಯಾಗಿತ್ತು. ಗಿರಾಕಿ ಒಂದೇ ತೋಳು ತೊಟ್ಟ ಅಂಗಿಯಲ್ಲಿ ಬೀದಿಗೆ ಓಡಿ ಆಟೋ ಕರೆತಂದರು.

ಹತ್ತೊಂಬತ್ತು ದಿನ ಆಸ್ಪತ್ರೆ. ಮೆದುಳಿನ ಎಡಭಾಗದಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂದರು, ತಲೆ ಬೋಳಿಸಿ ತೆರೆದರು. ನಮ್ಮಣ್ಣ ನೀರಿನ ಕಚೇರಿಯಲ್ಲಿ ಮನೆ ಮನೆಯ ಮೀಟರು ಓದುವವನು, ಬಿಸಿಲಿಗೆ ನಡೆದು ನಡೆದು ಗಟ್ಟಿಯಾದ ಆಳು. ಅವನು ಆಸ್ಪತ್ರೆಯ ಬೆಂಚಿನಲ್ಲಿ ಚಪ್ಪಲಿ ಬಿಚ್ಚಿಟ್ಟು ಮಗುವಿನ ಹಾಗೆ ಕಾಲು ಮಡಚಿಕೊಂಡು ಕೂತಿರುತ್ತಿದ್ದ. “ಹೇಗಾಯ್ತು?” ಎಂದು ಕೇಳಿದ. “ಸ್ಟೂಲು ಜಾರಿತು” ಎಂದೆ. ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ. ಮಿಕ್ಕಿದ್ದನ್ನು ಉಗುಳಿನ ಜೊತೆ ನುಂಗಿದೆ.

ಅತ್ತಿಗೆಗೆ ಸರಿಯಾಗಿ ಎಚ್ಚರವಾದ ದಿನ ನರ್ಸು ಕೈಗೆ ಸೂಜಿ ಚುಚ್ಚುತ್ತಿದ್ದಳು. “ಥೂ, ದರಿದ್ರದವಳೇ!” ಎಂದು ಸ್ಪಷ್ಟವಾಗಿ ಬೈದರು. ನಾವು ಮೂವರೂ, ಅಣ್ಣ, ಅಮ್ಮ, ನಾನು, ಆ ನರ್ಸಿನ ಎದುರೇ ಖುಷಿಯಿಂದ ನಕ್ಕುಬಿಟ್ಟೆವು. ಮಾತು ಬಂತು, ಇನ್ನು ಚಿಂತೆಯಿಲ್ಲ ಎಂದುಕೊಂಡೆವು. ಆಮೇಲೆ ಅವರು ಮಂಚದ ಪಕ್ಕದ ಲೋಟದ ಕಡೆ ಕೈ ತೋರಿಸಿದರು. “ಅದು ಕೊಡು. ಅದು... ಆ...” ಬಾಯಿ ತೆರೆದೇ ಇತ್ತು. ಹುಬ್ಬು ಗಂಟಿಕ್ಕಿತು. “ಆ ಬಾಗಿಲು ಕೊಡು” ಎಂದರು. ಹೇಳಿದ ಕೂಡಲೇ ಅದು ತಪ್ಪೆಂದು ಅವರಿಗೇ ಗೊತ್ತಾಯಿತು. ಆ ಗೊತ್ತಾದ ಮುಖವನ್ನು ನಾನು ಇವತ್ತಿಗೂ ಮರೆತಿಲ್ಲ.

ಮಾತು ಕಲಿಸುವ ಹುಡುಗನೊಬ್ಬ ಆಸ್ಪತ್ರೆಯಲ್ಲಿದ್ದ. ತಾನು ಡಾಕ್ಟರಲ್ಲ ಎಂದು ಎಷ್ಟು ಸಲ ಹೇಳಿದರೂ ನಾವು ‘ಮಾತಿನ ಡಾಕ್ಟರು’ ಎಂದೇ ಕರೆದೆವು. ಅವನು ಚಿತ್ರದ ಚೀಟಿಗಳನ್ನು ಒಂದೊಂದಾಗಿ ಹಿಡಿದ. ಬಾಚಣಿಗೆ ಕಂಡರೆ ಅತ್ತಿಗೆ ಬೋಳು ತಲೆಯ ಮೇಲೆ ಕೈಯಾಡಿಸಿದರು, “ಈಗ ನನಗೆ ಬೇಡದ್ದು” ಎಂದರು. ಛತ್ರಿ ಕಂಡರೆ “ಒದ್ದೆ ಆಗಬಾರದು ಅಂತ ಹಿಡೀತಾರಲ್ಲ” ಎಂದರು. ಹೆಸರು ಮಾತ್ರ ಬರಲಿಲ್ಲ.

“ವಸ್ತು ಗೊತ್ತು, ಉಪಯೋಗ ಗೊತ್ತು. ಹೆಸರು ಕೈಗೆ ಸಿಗ್ತಿಲ್ಲ, ಅಷ್ಟೆ. ಬುದ್ಧಿಗೆ ಏನೂ ಆಗಿಲ್ಲ ಇವರಿಗೆ, ದಯವಿಟ್ಟು ಗಟ್ಟಿಯಾಗಿ ಕೂಗಿ ಮಾತಾಡ್ಬೇಡಿ” ಎಂದು ಅವನು ನಮಗೆ ಹೇಳಿದ. ಬಿದ್ದ ದಿನದ ನೆನಪು ಹೇಗೆ ಎಂದು ಅಣ್ಣ ಕೇಳಿದ. “ಹೇಳೋಕಾಗಲ್ಲ. ಕೆಲವರಿಗೆ ಇರುತ್ತೆ, ಕೆಲವರಿಗೆ ಇರಲ್ಲ. ಮಾತು ಬಂದ್ಮೇಲೆ ಅವರೇ ಹೇಳ್ಬೇಕು” ಎಂದ. ನಾನು ಚೀಟಿಗಳನ್ನು ಜೋಡಿಸುವ ನೆಪದಲ್ಲಿ ತಲೆ ಬಗ್ಗಿಸಿದೆ.

ಮನೆಗೆ ಬಂದರು. ಬಲಗೈ ಕೆಲವು ವಾರ ನಿಶ್ಶಕ್ತವಾಗಿತ್ತು, ಆಮೇಲೆ ಸರಿಹೋಯಿತು. ಮಾತು ತುಂಡು ತುಂಡಾಗಿ ಬರುತ್ತಿತ್ತು, ಹೆಸರು ಬೇಕಾದ ಕಡೆಯೆಲ್ಲ ತೂತು. ಇಸ್ತ್ರಿ ಪೆಟ್ಟಿಗೆ ‘ಬಿಸಿ ದೋಣಿ’ಯಾಯಿತು. ಟೇಪು ‘ಹಾವು’. ನಾನು, ಹದಿನಾರು ವರ್ಷ ಪುಟ್ಟಿಯಾಗಿದ್ದವಳು, ‘ಬುಟ್ಟಿ’ಯಾದೆ. ಒಂದು ಬೆಳಿಗ್ಗೆ ಅಣ್ಣ ಮೇಜಿನ ಹತ್ತಿರ ನಿಂತಿದ್ದ. ಅತ್ತಿಗೆ ಕತ್ತರಿ ಬೇಕೆಂದು ಕೈ ಚಾಚಿ, ತಡಕಾಡಿ, “ಆ ಕತ್ತೆ... ಆ ಕತ್ತೆ ಕೊಡು ಇಲ್ಲಿ” ಎಂದರು. ಅಣ್ಣ ಹಿಂದೆ ಮುಂದೆ ನೋಡಿ, “ನಾನೇ ಬರಬೇಕಾ?” ಎಂದ. ಅತ್ತಿಗೆ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು, ಆ ನೀರು ನಿಲ್ಲಲಿಲ್ಲ. ಅಣ್ಣ ಕತ್ತರಿಯನ್ನು ಅವರ ಕೈಗಿಟ್ಟು ಮೀಟರು ಓದಲು ಹೋದ.

ಮನೆಯಲ್ಲಿ ಅತ್ತಿಗೆಗೆ ಹೆಚ್ಚು ಹೊಂದಿಕೆಯಾದದ್ದು ನಮ್ಮಮ್ಮ. ಅಮ್ಮನಿಗೆ ಕಿವಿ ಅಷ್ಟಕ್ಕಷ್ಟೇ. ಅತ್ತಿಗೆ ಹೇಳುತ್ತಿದ್ದ ತಪ್ಪು ಹೆಸರು ಅಮ್ಮನಿಗೆ ಕೇಳಿಸುತ್ತಲೇ ಇರಲಿಲ್ಲ. ಕೈ ಹೋದ ಕಡೆ ನೋಡಿ ಬೇಕಾದ್ದನ್ನು ಕೊಡುತ್ತಿದ್ದರು. “ನಿನ್ನ ಸೊಸೆಗೆ ಮಾತು ಹೋಯ್ತಂತೆ?” ಎಂದು ಪಕ್ಕದ ಮನೆಯಾಕೆ ಕೇಳಿದ್ದಕ್ಕೆ, “ನಂಗೇನೂ ವ್ಯತ್ಯಾಸ ಗೊತ್ತಾಗ್ತಿಲ್ಲಮ್ಮ” ಎಂದಿದ್ದರು.

ನಾನೋ, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವವಳಾದೆ. ಅತ್ತಿಗೆ ಬಾಯಿ ತೆರೆದರೆ ಸಾಕು, ಪದ ಎತ್ತಿ ಕೊಡುತ್ತಿದ್ದೆ. “ಆ...” ಎಂದರೆ “ಸೋಪಾ? ಟವೆಲಾ? ಮಾತ್ರೇನಾ?” ಎಲ್ಲರೂ ನನ್ನನ್ನು ಹೊಗಳಿದರು, ನಾದಿನಿ ಅಂದರೆ ಹೀಗಿರಬೇಕು ಎಂದರು. ಒಳಗಿದ್ದದ್ದು ನನಗೊಬ್ಬಳಿಗೇ ಗೊತ್ತಿತ್ತು. ಮಂಗಳವಾರ, ಶುಕ್ರವಾರ ಅವರನ್ನು ಮಾತಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಿದ್ದವಳು ನಾನು, ಮನೆಯಲ್ಲಿ ಚೀಟಿ ಹಿಡಿದು ಅಭ್ಯಾಸ ಮಾಡಿಸುತ್ತಿದ್ದವಳು ನಾನು. ಒಂದೊಂದು ಹೆಸರು ವಾಪಸು ಬಂದಾಗಲೂ ಸಂತೋಷವಾಗುತ್ತಿತ್ತು. ಅದರ ಬೆನ್ನಿಗೇ, ಇನ್ನೆಷ್ಟು ದಿನ, ಇವರು ಎಲ್ಲ ಹೇಳಿಬಿಡಲು ಇನ್ನೆಷ್ಟು ಪದ ಬೇಕು ಎಂದು ಮನಸ್ಸು ಲೆಕ್ಕ ಹಾಕುತ್ತಿತ್ತು.

ಎರಡು ತಿಂಗಳ ಮೇಲೆ ಅತ್ತಿಗೆ ಅಂಗಡಿಯ ಕೋಣೆಗೆ ಕಾಲಿಟ್ಟರು. ಮೇಜನ್ನು ಸವರಿದರು, ಸೀಮೆಸುಣ್ಣದ ತುಂಡುಗಳನ್ನು ಬೆರಳಲ್ಲಿ ಎಣಿಸಿದರು, ಪರದೆ ಸರಿಸಿ ಒಳಗೆ ಹೋದರು. ಹೋಟೆಲಿನವರು ಬಿಟ್ಟುಹೋದ ಸೊಟ್ಟ ಕಾಲರಿನ ಕೋಟುಗಳು ಅಲ್ಲೇ ನೇತಾಡುತ್ತಿದ್ದವು. ಒಳಗೆ ಬಹಳ ಹೊತ್ತು ಇದ್ದು ಹೊರಗೆ ಬಂದರು. ಮುಖ ಬಿಳುಚಿಕೊಂಡಿತ್ತು. ನನ್ನ ಕೈ ಹಿಡಿದು ಆ ಮೂಲೆಗೇ ಎಳೆಯುತ್ತ ಹೇಳಿದರು:

“ಹತ್ತು... ಬುಟ್ಟಿ, ಹತ್ತು... ನೀನಲ್ಲ. ನಾನು.”

ಆ ಮೂಲೆಯ ಮೇಲೆಯೇ ಅಟ್ಟ. ಹತ್ತಿದ್ದು ನೀನಲ್ಲ, ನಾನು. ಇನ್ನೇನು ಹೇಳಬೇಕಿತ್ತು? “ನಿಮಗೆ ಸುಸ್ತಾಗಿದೆ, ಬನ್ನಿ ಮಲಗಿ” ಎಂದು ಅವರನ್ನು ಒಳಗೆ ನಡೆಸಿಕೊಂಡು ಹೋದೆ. ವಾಪಸು ಬಂದು ಆ ಕೋಟುಗಳ ಮುಖ ನೋಡಲಾಗದೆ ಎಲ್ಲವನ್ನೂ ಗಂಟು ಕಟ್ಟಿ, ಹಾಳು ಸ್ಟೂಲು ಹಾಕಿಕೊಂಡು ಅಟ್ಟದ ಮೇಲೆ ತಳ್ಳಿದೆ. ಅವತ್ತು ಹತ್ತದವಳು ಇವತ್ತು ಹತ್ತಿದೆ.

ಮಾರನೆಯ ದಿನ ಅತ್ತಿಗೆ ಪರದೆ ಸರಿಸಿದರು. ಖಾಲಿ. ಕೋಣೆಯೆಲ್ಲ ಹುಡುಕಿ, ಕೊನೆಗೆ ಅಟ್ಟದಂಚಿನಲ್ಲಿ ಇಣುಕುತ್ತಿದ್ದ ಗಂಟನ್ನು ಕಂಡು, ಮೇಲಕ್ಕೆ ಬೆರಳು ತೋರಿಸಿ, “ಹತ್ತು!” ಎಂದರು. ಅಲ್ಲಿಂದ ಮನೆಯಲ್ಲಿ ಶುರುವಾಯಿತು ಈ ಹತ್ತು. ಊಟದ ಮಧ್ಯೆ ಹತ್ತು, ಸ್ನಾನಕ್ಕೆ ಹೋಗುತ್ತ ಹತ್ತು.

ಅಣ್ಣ ದಿನವಿಡೀ ಅಂಕಿ ಓದುವವನು, ಅವನಿಗೆ ಅಂಕಿಯೇ ಕೇಳಿಸಿತು. ಹತ್ತು ಗಂಟೆಯ ಮಾತ್ರೆಯೇ ಎಂದು ಗಡಿಯಾರ ತೋರಿಸಿದ. ಅಲ್ಲ. ಸಂಜೆ ಬರುತ್ತ ಹತ್ತು ಕಿತ್ತಳೆ ತಂದ. ಅಲ್ಲ. ಹತ್ತನೇ ತಾರೀಖು? ಅಲ್ಲ. ಅಮ್ಮನಿಗೆ ಮೊದಲ ಅಕ್ಷರ ಕೇಳಿಸಲಿಲ್ಲ. “ಅತ್ತು ಅತ್ತು ಅಂತೀಯಲ್ಲ, ಯಾರಮ್ಮ ಅತ್ತಿದ್ದು? ನೀನು ಅಳ್ಬೇಡ, ಎಲ್ಲಾ ಸರಿಹೋಗುತ್ತೆ” ಎಂದು ಸೊಸೆಯ ಬೆನ್ನು ಸವರಿದರು. ಅತ್ತಿಗೆ ತಲೆ ಚಚ್ಚಿಕೊಳ್ಳಲು ಕೈಯೆತ್ತಿ, ಹೊಲಿಗೆ ಹಾಕಿದ ಜಾಗ ನೆನಪಾಗಿ ಕೈ ಇಳಿಸಿದರು.

ಎಲ್ಲರೂ ಏನೋ ವಸ್ತು ಬೇಕೆಂದೇ ತಿಳಿದರು. ಹೆಸರು ಕಳೆದುಕೊಂಡವರು ಬಾಯಿ ತೆರೆದರೆ ಲೋಕಕ್ಕೆ ಕಾಣುವುದು ಅದೊಂದೇ, ಪಾಪ ಏನೋ ಬೇಕಾಗಿದೆ. ನನಗೊಬ್ಬಳಿಗೆ ಅದು ಬೇಡಿಕೆಯಲ್ಲ, ಹೇಳಿಕೆ ಎಂದು ಗೊತ್ತಿತ್ತು. ಹಾಗೆ ಗೊತ್ತಿದ್ದೂ ನಾನೇ ಎಲ್ಲರಿಗಿಂತ ಮೊದಲು, “ಸೋಪು ಬೇಕಾ ಅತ್ತಿಗೆ?” ಎಂದು ಮಾತು ತಿರುಗಿಸುತ್ತಿದ್ದೆ.

ಐದು ತಿಂಗಳು ಹೀಗೇ ಹೋಯಿತು. ಅಷ್ಟರಲ್ಲಿ ಕತ್ತರಿ ಕತ್ತರಿಯೇ ಆಗಿತ್ತು, ಲೋಟ ಲೋಟವಾಗಿತ್ತು. ಒಂದು ಶುಕ್ರವಾರ ಮಾತಿನ ಡಾಕ್ಟರು ಅತ್ತಿಗೆಗೆ ಬೀಗದ ಚಿತ್ರ ತೋರಿಸಿದ. ಅವರು ಯೋಚಿಸುತ್ತಿದ್ದಂತೆಯೇ ನಾನು ಪಕ್ಕದಿಂದ “ಬೀ...” ಎಂದೆ. ಅವನು ಚೀಟಿ ಕೆಳಗಿಟ್ಟ.

“ಮೇಡಂ, ನೀವು ತುಂಬ ಪ್ರೀತಿಯಿಂದ ಮಾಡ್ತಿದೀರಿ, ಗೊತ್ತು. ಆದ್ರೆ ಇವರು ನಿಮ್ಮ ಜೊತೆ ಇದ್ದಾಗ ಒಂದು ಮಾತೂ ಮುಗಿಸಿಲ್ಲ. ನಾನು ಲೆಕ್ಕ ಇಟ್ಟಿದೀನಿ. ಸುಮ್ನೆ ಕೂತ್ಕೊಳ್ಳೋಕೆ ಬರುತ್ತಾ ನಿಮಗೆ?”

ಬಸ್ಸಿನಲ್ಲಿ ಅತ್ತಿಗೆ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಅವನಿಗೆ ನನ್ನ ಪ್ರೀತಿ ಮಾತ್ರ ಕಂಡಿತ್ತು, ಅದೇ ನನ್ನನ್ನು ಹೆಚ್ಚು ಚುಚ್ಚಿತು.

ಆಮೇಲಿನ ವಾರ, ಒಂದು ಮಧ್ಯಾಹ್ನ. ಅಣ್ಣ ಕೆಲಸಕ್ಕೆ ಹೋಗಿದ್ದ, ಅಮ್ಮ ಮಲಗಿದ್ದರು. ನಾನು ಪರದೆ ಬಟ್ಟೆಗೆ ಅಂಚು ಹೊಡೆಯುತ್ತಿದ್ದೆ. ಮಿಷನ್ನು ನಿಲ್ಲಿಸಿ ತಲೆಯೆತ್ತಿದರೆ ಅತ್ತಿಗೆ ಸ್ಟೂಲನ್ನು ಅಟ್ಟದ ಕೆಳಗಿಟ್ಟು ಒಂದು ಕಾಲು ಅದರ ಮೇಲಿಟ್ಟಿದ್ದರು. ನಾನು ಕಿರುಚಿದೆ. ಓಡಿ ಹೋಗಿ ಸೊಂಟ ಹಿಡಿದು ಕೆಳಗಿಳಿಸಿದೆ. ಅವರನ್ನು ಹಿಡಿದುಕೊಂಡೇ ಎಲ್ಲವನ್ನೂ ಹೇಳಿಬಿಟ್ಟೆ.

“ನಂಗೊತ್ತು ಅತ್ತಿಗೆ, ನೀವು ಏನು ಹೇಳ್ತಿದೀರ ಅಂತ ಮೊದಲ ದಿನದಿಂದ ಗೊತ್ತು. ನಾನು ಹತ್ತಲ್ಲ ಅಂದೆ. ನೀವು ಬೈದ್ರಿ ಅಂತ ಸಿಟ್ಟಾಗಿ ಹೋದೆ. ನಾನು ಹತ್ತಿದ್ರೆ ಇದೆಲ್ಲಾ ಆಗ್ತಿರ್ಲಿಲ್ಲ. ಯಾರಿಗೂ ಹೇಳಿಲ್ಲ ನಾನು. ನೀವು ಹೇಳಿಬಿಡಿ, ಅಣ್ಣನಿಗೂ ಹೇಳಿ, ದಿನಾ ಹೀಗೆ ಸಾಯಿಸ್ಬೇಡಿ.”

ಅತ್ತಿಗೆ ನನ್ನನ್ನು ಪಿಳಿಪಿಳಿ ನೋಡಿದರು. ಆ ಮುಖದಲ್ಲಿ ಸಿಟ್ಟಿರಲಿಲ್ಲ, ಕ್ಷಮೆಯೂ ಇರಲಿಲ್ಲ. ಬೇರೆ ಯಾರದೋ ಮನೆಯ ಕಥೆ ಕೇಳಿದ ಹಾಗೆ ಇತ್ತು. ಆಮೇಲೆ ನನ್ನ ಭುಜ ಹಿಡಿದು ಸ್ಟೂಲಿನ ಕಡೆ ತಿರುಗಿಸಿ, “ಅದು ತೆಗಿ” ಎಂದರು. ತಾವೇ ಎರಡೂ ಕೈಯಿಂದ ಸ್ಟೂಲು ಗಟ್ಟಿಯಾಗಿ ಹಿಡಿದುಕೊಂಡರು.

ಹತ್ತಿದೆ. ಗಂಟು ಇಳಿಸಿದೆ. ಅವರು ಅದನ್ನು ಮೇಜಿನ ಮೇಲೆ ಬಿಚ್ಚಿ, ಕೋಟುಗಳನ್ನು ಒಂದರ ಪಕ್ಕ ಒಂದು ಹರಡಿ ಎಣಿಸತೊಡಗಿದರು. ಸಾಲಾಗಿ ಎಣಿಸುವುದು ಅವರಿಗೆ ಯಾವತ್ತೂ ಕಷ್ಟವಾಗಿರಲಿಲ್ಲ. ಒಂದು, ಎರಡು, ಮೂರು. ಕೊನೆಯದರ ಮೇಲೆ ಅಂಗೈ ಊರಿ ನನ್ನ ಕಡೆ ನೋಡಿದರು.

“ಹತ್ತು.”

ನಾನು ಬಾಯಿ ತೆರೆದೆ, ಮುಚ್ಚಿಕೊಂಡೆ. ಅವರು ಒಂದು ಕೋಟಿನ ಕಾಲರನ್ನು ಬೆಳಕಿಗೆ ಹಿಡಿದು ಉಗುರಿನಿಂದ ಬಟ್ಟೆಯ ಎಳೆಯ ಮೇಲೆ ಗೆರೆ ಎಳೆದು ತೋರಿಸಿದರು. ಉದ್ದಕ್ಕೆ ಓಡಬೇಕಾದ ಎಳೆ ಅಡ್ಡಕ್ಕೆ ಓಡುತ್ತಿತ್ತು. ಅಡ್ಡ ಎಳೆಯಲ್ಲಿ ಕತ್ತರಿಸಿದ ಕಾಲರು, ದೇವರೇ ಬಂದು ಹೊಲಿದರೂ ತಿರುಚಿಕೊಳ್ಳದೆ ಇರುವುದಿಲ್ಲ. ಅದು ಹೊಲಿದವರ ತಪ್ಪಲ್ಲ, ಕತ್ತರಿಸಿದವರದು.

“ನೀನಲ್ಲ” ಎಂದು ಎದೆಗೆ ಬೆರಳಿಟ್ಟುಕೊಂಡರು. “ನಾನು. ಅಡ್ಡ ಹಾಕಿ... ಕತ್ತರಿಸಿದ್ದು. ಈ ಹತ್ತೂ. ಎಷ್ಟು ಸಲ ಹೇಳಿದೆ ನಿಂಗೆ!”

ಬಿದ್ದ ದಿನದ ಒಂದು ಚೂರೂ ಅವರಿಗೆ ನೆನಪಿರಲಿಲ್ಲ. ನನ್ನನ್ನು ಬೈದದ್ದೂ ಇಲ್ಲ, ನಾನು ತಿರುಗಿಬಿದ್ದದ್ದೂ ಇಲ್ಲ. ಎರಡು ತಿಂಗಳ ಮೇಲೆ ಪರದೆಯ ಹಿಂದೆ ಆ ಕೋಟುಗಳನ್ನು ಕಂಡು, ಕತ್ತರಿ ಹಿಡಿದವರ ಕಣ್ಣಿಗೆ ತಮ್ಮದೇ ತಪ್ಪು ಹೊಳೆದಿತ್ತು. ನಾನು ಸುಮ್ಮನೆ ಬಿಚ್ಚಿ ಹೊಲಿದು ಒದ್ದಾಡಬಾರದೆಂದು ಹೇಳಲು ಹೊರಟಿದ್ದರು. ಅಷ್ಟೆ.

ನಾನು ಸ್ಟೂಲಿನ ಮೇಲೆ ಕೂತೆ. ಆಗ ಅವರಿಗೆ ನಾನು ಮೊದಲು ಹೇಳಿದ್ದು ಮೆಲ್ಲಗೆ ಒಳಗಿಳಿದಿರಬೇಕು.

“ಏನಂದೆ ಆವಾಗ? ಇನ್ನೊಂದ್ಸಲ ಹೇಳು.”

ಮತ್ತೆ ಹೇಳಿದೆ. ಅವರು ಬೈದದ್ದು, ನಾನು ಅಂದದ್ದು, ಸ್ಟೂಲಿನ ಸದ್ದು, ಅಣ್ಣನಿಗೆ ಹೇಳಿದ ಅರ್ಧ ನಿಜ, ಕೋಟುಗಳನ್ನು ಬಚ್ಚಿಟ್ಟದ್ದು. ಅತ್ತಿಗೆಯ ಮೂಗಿನ ಹೊಳ್ಳೆ ಅರಳಿತು. ಆ ಮುಖ ನನಗೆ ಹದಿನಾರು ವರ್ಷದಿಂದ ಪರಿಚಯ. ಬೈಗುಳ ಬರುತ್ತಿದೆ ಎಂದು ಗೊತ್ತಾಯಿತು.

ಬಂತು. ಆದರೆ ಬೈಯಲೂ ಹೆಸರು ಬೇಕಲ್ಲ. “ನೀನು... ಏಳು ತಿಂಗಳು... ನನ್ನ ಈ...” ಬಾಯಿಯನ್ನು ತೋರಿಸಿಕೊಂಡರು. ಪದ ಬರಲಿಲ್ಲ. ‘ಬಾಯಿ’ ಎಂದು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಸೆರಗಿನ ಹಾಗೆ ಹೆಗಲ ಮೇಲೆ ಬಿದ್ದಿದ್ದ ಪರದೆ ಬಟ್ಟೆಯ ಅಂಚನ್ನು ಹಲ್ಲಲ್ಲಿ ಕಚ್ಚಿ ಹಿಡಿದೆ. ಗೋಡೆಯ ಗಡಿಯಾರ ಟಿಕ್ ಟಿಕ್ ಎನ್ನುತ್ತಿತ್ತು. ಅವರು ಕಣ್ಣು ಮುಚ್ಚಿದರು, ತೆರೆದರು.

“ಬಾಗಿ... ಬಾಯಿ. ನನ್ನ ಬಾಯಿಗೆ ಕೈ ಹಾಕ್ತೀಯ ದಿನಾ. ನಾನು ಹುಡುಕ್ತಿರ್ತೀನಿ, ಇನ್ನೇನು ಸಿಕ್ತು ಅನ್ನೋವಾಗ ನೀನು... ತುರುಕ್ತೀಯ. ಸೋಪು! ಏನಂದ್ರೂ ಸೋಪು! ನಂಗೆ ಯಾವತ್ತೂ ಸೋಪು ಬೇಕಾಗಿರ್ಲಿಲ್ಲ!”

ನಗು ಬಂತು ನನಗೆ, ಅಳುತ್ತಿದ್ದರೂ. ನಗಲಿಲ್ಲ.

“ಬಿದ್ದಿದ್ದು ಬಿದ್ದೆ. ಸ್ಟೂಲು ಹಾಳಾಗಿತ್ತು. ನೀನು ಹತ್ತಿದ್ರೆ ನೀನು ಬೀಳ್ತಿದ್ದೆ. ಅದಕ್ಕಲ್ಲ.” ಮತ್ತೆ ಬಹಳ ಹೊತ್ತು ನಿಂತರು. ಬೆರಳುಗಳು ಗಾಳಿಯಲ್ಲಿ ಏನನ್ನೋ ಹಿಂಡುತ್ತಿದ್ದವು. “ನಾನು ಒಳಗೆ ಒಬ್ಬಳೇ ಇದ್ದೆ. ನೀನೂ ಹೊರಗೆ ನಿಂತು... ಅದು... ಚಿಲಕ. ಚಿಲಕ ಹಾಕ್ದೆ.”

ಹೀಗೆ ಇಪ್ಪತ್ತು ನಿಮಿಷ ಬೈದರು. ಮೊದಲಾಗಿದ್ದರೆ ಅರ್ಧ ನಿಮಿಷದ ಬೈಗುಳ ಅದು. ನಾನು ಒಂದು ಪದವನ್ನೂ ಎತ್ತಿ ಕೊಡಲಿಲ್ಲ, ಕೊನೆಯ ಮಾತಿನವರೆಗೂ ಕೂತು ಕೇಳಿದೆ. ಅವರು ಬೆವರಿದ್ದರು. ಮುಗಿದ ಮೇಲೆ ಒಳಗೆ ಹೋಗಿ ಅಮ್ಮನ ಪಕ್ಕ ಮಲಗಿ ನಿದ್ದೆ ಹೋದರು.

ಸಂಜೆ ಅಣ್ಣನಿಗೆ ನಾನೇ ಹೇಳಿದೆ. ಅವನು ತಟ್ಟೆಯನ್ನು ಅರ್ಧಕ್ಕೇ ಬಿಟ್ಟು ಎದ್ದ. ಒಂದು ವಾರ ನನ್ನೊಡನೆ ಬೇಕಾದಷ್ಟೇ ಮಾತಾಡಿದ. ಎಂಟನೆಯ ದಿನ, “ಆ ಸ್ಟೂಲಿನ ಕಾಲು ಅಲ್ಲಾಡ್ತಿದ್ದಿದ್ದು ನಂಗೂ ಗೊತ್ತಿತ್ತು. ಇವತ್ತು ಮಾಡೋಣ ನಾಳೆ ಮಾಡೋಣ ಅಂತ ಬಿಟ್ಟಿದ್ದೆ” ಎಂದು, ಬೇರೆ ಕಡೆ ನೋಡುತ್ತ ಹೇಳಿದ. ಅತ್ತಿಗೆ ಮೂರು ದಿನ ನನ್ನ ಜೊತೆ ಮಾತು ಬಿಟ್ಟರು. ನಾಲ್ಕನೆಯ ದಿನ ಎರಡು ಲೋಟ ಚಹಾ ಹಿಡಿದು ಅಂಗಡಿಗೆ ಬಂದು, ಒಂದನ್ನು ನನ್ನ ಮಿಷನ್ನಿನ ಮೇಲಿಟ್ಟು, “ಕುಡಿ ಬುಟ್ಟಿ” ಎಂದರು.

ಆ ಹತ್ತು ಕೋಟಿಗೆ ಹೊಸ ಕಾಲರು ಕತ್ತರಿಸಿಕೊಟ್ಟವರು ಅವರೇ. ಹೋಟೆಲಿನವರು ಅಷ್ಟು ಹೊತ್ತಿಗೆ ಬೇರೆ ಕಡೆ ಹೊಲಿಸಿಕೊಂಡಿದ್ದರು. ಮಾರುಕಟ್ಟೆಯ ಹತ್ತಿರದ ಬೇಕರಿಯವರು ಅವನ್ನು ತೆಗೆದುಕೊಂಡರು.

ಕೆಲಸ ಮತ್ತೆ ಶುರು ಮಾಡಿದಾಗ ತೊಂದರೆ ಬಂದದ್ದು ಅಳತೆಯಲ್ಲಿ. ಅತ್ತಿಗೆ ಟೇಪು ಹಿಡಿದು ಕೂಗುವುದು, ನಾನು ಬರೆದುಕೊಳ್ಳುವುದು ನಮ್ಮ ಹಳೆಯ ರೂಢಿ. ನಿವೃತ್ತ ಮೇಷ್ಟ್ರೊಬ್ಬರ ಅಂಗಿಗೆ ಅವರು “ಕತ್ತು ಇಪ್ಪತ್ಮೂರು, ತೋಳು ಹದಿನೈದು” ಎಂದರು, ನಾನು ಯೋಚಿಸದೆ ಬರೆದೆ, ಅವರೂ ಯೋಚಿಸದೆ ಚೀಟಿ ನೋಡಿ ಕತ್ತರಿಸಿದರು. ಮೇಷ್ಟ್ರು ಪರದೆಯ ಹಿಂದಿನಿಂದ ಬಂದಾಗ ಕಾಲರಿನೊಳಗೆ ಇನ್ನೊಂದು ತಲೆಗೆ ಜಾಗವಿತ್ತು, ತೋಳು ಮೊಣಕೈಗೆ ಮುಗಿದಿತ್ತು. “ಬೇಸಿಗೆಗೆ ಒಳ್ಳೇದೇ ಬಿಡಿ” ಎಂದರು ಅವರು, ದೊಡ್ಡ ಮನಸ್ಸಿನ ಮನುಷ್ಯ. ಅವತ್ತಿನಿಂದ ಅತ್ತಿಗೆ ಹೆಸರು ಹೇಳುವುದನ್ನೇ ಬಿಟ್ಟರು. ಟೇಪು ಇಟ್ಟ ಜಾಗವನ್ನು ಎರಡು ಸಲ ತಟ್ಟಿ ಅಂಕಿ ಮಾತ್ರ ಹೇಳುತ್ತಾರೆ. ಕತ್ತು, ತೋಳು, ಎದೆ ನಾನೇ ನೋಡಿ ಬರೆದುಕೊಳ್ಳುತ್ತೇನೆ. ಹೊಸ ಗಿರಾಕಿಗಳು ಇದು ಯಾವುದೋ ದೊಡ್ಡ ಅಂಗಡಿಯ ಪದ್ಧತಿ ಎಂದುಕೊಳ್ಳುತ್ತಾರೆ.

ಈಗ ನಾಲ್ಕು ವರ್ಷವಾಯಿತು. ದಿನನಿತ್ಯದ ಹೆಸರುಗಳು ಬಹುಪಾಲು ಬಂದಿವೆ. ಸುಸ್ತಾದರೆ, ಇಬ್ಬರು ಒಟ್ಟಿಗೆ ಮಾತಾಡಿದರೆ, ಮತ್ತೆ ಹೋಗುತ್ತವೆ. ‘ಇಸ್ತ್ರಿ’ ಬರಲೇ ಇಲ್ಲ, ನಮ್ಮ ಮನೆಯಲ್ಲೀಗ ಎಲ್ಲರೂ ಬಿಸಿ ದೋಣಿ ಎಂದೇ ಅನ್ನುತ್ತೇವೆ. ಹಳೆಯ ಚುರುಕು ಮಾತಿನ ಬದಲು ಅತ್ತಿಗೆಗೆ ಈಗ ನಿಧಾನದ ಮಾತು. ಅದನ್ನು ನೆನೆದು ಅವರು ಒಮ್ಮೊಮ್ಮೆ ಮಂಕಾಗುವುದುಂಟು. “ಮೊದ್ಲು ಜನ ನನ್ನ ಮಾತಿಗೆ ನಗ್ತಿದ್ರು” ಎಂದು ಒಂದು ದಿನ ಹೇಳಿದರು. ನಾನು ಪಕ್ಕದಲ್ಲಿ ಕೂತು ಹೊಲಿದೆ.

ಹೋದ ತಿಂಗಳು ಮಾತಿನ ಡಾಕ್ಟರು ತನ್ನ ಹತ್ತಿರ ಬರುವ ಒಬ್ಬರನ್ನು ಅಂಗಿ ಹೊಲಿಸಲು ನಮ್ಮಲ್ಲಿಗೆ ಕಳಿಸಿದ್ದ. ಲಾರಿ ಓಡಿಸುತ್ತಿದ್ದ ದಪ್ಪ ಕೈಯ ಮನುಷ್ಯ, ಜೊತೆಗೆ ಹೆಂಡತಿ. ಆತ ಅಳತೆ ಕೊಟ್ಟು ಮುಗಿಸಿ, ಇನ್ನೇನೋ ಹೇಳಲು ಕೈಯೆತ್ತಿ ನಿಂತರು. “ಆ... ಅಂಗಿಗೆ... ಆ...”

“ಬಟನ್ನಾ?” ಎಂದರು ಹೆಂಡತಿ. “ಕಾಲರಾ? ಬಣ್ಣಾನಾ?”

ಅತ್ತಿಗೆ ಆಕೆಯ ಕೈಮೇಲೆ ಕೈಯಿಟ್ಟು, “ತಡೀರಿ, ತಾಯಿ” ಎಂದರು. ತಮ್ಮ ಸ್ಟೂಲನ್ನು ಆತನ ಕಡೆ ಸರಿಸಿದರು. ಆತ ಕೂತರು. ನಾನು ಮಿಷನ್ನು ನಿಲ್ಲಿಸಿದೆ. ಬೀದಿಯಲ್ಲಿ ಒಂದು ಸೈಕಲ್ಲು ಗಂಟೆ ಬಾರಿಸುತ್ತ ಹೋಯಿತು. ನಾವು ನಾಲ್ವರೂ ಕಾದೆವು, ಬಹಳ ಹೊತ್ತು. ಪದ ಬರಲಿಲ್ಲ. ಕೊನೆಗೆ ಆತ ಎದೆಯ ಎಡಭಾಗವನ್ನು ಎರಡು ಸಲ ತಟ್ಟಿಕೊಂಡರು, ಆಮೇಲೆ ಬಲಭಾಗವನ್ನು ಎರಡು ಸಲ.

ಜೇಬು ಎರಡೂ ಕಡೆ ಹಾಕಿಕೊಟ್ಟೆವು.